ಕಟ್ಟ ಒಡೆದ ಮೇಲೆ ಬರುವ ಮೀನು

ನಮ್ಮ ಕಡೆಯ ಅಡುಗೆಮನೆಗಳಲ್ಲಿ ಮೀನಿಗೆ ಎರಡು ವರ್ಷಗಳಿದ್ದವು. ಒಂದು ಕಡಲಿನ ವರ್ಷ. ಮಳೆಯ ಅಬ್ಬರ ಇಳಿದು ದೋಣಿಗಳು ನೀರಿಗಿಳಿದಾಗ ಶುರುವಾದರೆ ಮುಂದಿನ ಮಳೆಯ ಮೋಡ ಕಟ್ಟುವಾಗ ಅದು ಮುಗಿಯಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂದು ಸರಕಾರದ ಆಜ್ಞೆಯಿದೆ. ಆಗ ಕಡಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಇನ್ನೊಂದು, ಗದ್ದೆ ತೋಡು ಹೊಳೆಗಳ ವರ್ಷ. ಕಡಲಿನದು ಮುಗಿದಲ್ಲಿ ಇದು ಶುರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ಒಳನಾಡಿನ ತಾಲೂಕುಗಳಲ್ಲಿ ಬೆಳೆದವರಿಗೆ ಈ ಎರಡನೆಯ ವರ್ಷದ ತಿಂಗಳುಗಳು ಪಂಚಾಂಗ ನೋಡದೆಯೇ ಗೊತ್ತಿರುತ್ತಿದ್ದವು.

ನನಗೆ ಇದನ್ನು ಕಲಿಸಿದವರು ಮೂವರು. ನಮ್ಮ ಮನೆಯಿದ್ದ ಸರಪಾಡಿಯ ಕಡೆ ನೇತ್ರಾವತಿಯ ದಡದಲ್ಲಿ ಚಿಕ್ಕಪ್ಪ, ಶಿರ್ತಾಡಿಯ ಕಡೆಯ ಅಜ್ಜಿಮನೆಯಲ್ಲಿ ಸೋದರಮಾವ, ಅಕ್ಕನನ್ನು ಕೊಟ್ಟ ಹರೇಕಳದಲ್ಲಿ ಭಾವ. ಒಬ್ಬರದು ಹೊಳೆ, ಒಬ್ಬರದು ಗದ್ದೆ, ಮತ್ತೊಬ್ಬರದು ಕಡಲು ಸೇರುವ ಮೊದಲಿನ ಉಪ್ಪುನೀರು. ಮೂವರೂ ತಮ್ಮ ತಮ್ಮ ನೀರಿನ ಮೀನೇ ರುಚಿ ಎನ್ನುತ್ತಿದ್ದರು. ಮೂರೂ ಒಂದೇ ನೀರು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ವರ್ಷ ಶುರುವಾಗುತ್ತಿದ್ದುದು ಉಬರಿನಿಂದ. ಮೇ ಕೊನೆಗೋ ಜೂನ್ ಮೊದಲಿಗೋ ಎರಡು ದಿನ ಬಿಡದೆ ಮಳೆ ಸುರಿದು ತೋಡಿನ ನೀರು ಕೆಂಪಾಗಿ ಗದ್ದೆಗೆ ಏರಿತೆಂದರೆ, ಉಬರು ಬಂತೆಂದು ರಾತ್ರಿ ಯಾರಾದರೂ ಅಂಗಳದಿಂದ ತುಳುವಿನಲ್ಲಿ ಕೂಗಿ ಹೇಳುತ್ತಿದ್ದರು: "ಉಬರ್ ಬತ್ತ್ಂಡ್!" ಹೊಳೆಯ ಆಳದಲ್ಲಿ ಬೇಸಿಗೆ ಕಳೆದ ಮೀನುಗಳು ಮೊಟ್ಟೆಯಿಡಲು ಹೊಸನೀರಿಗೆ ಎದುರಾಗಿ ತೋಡು ಹತ್ತಿ, ಕಂಟ ದಾಟಿ, ಮೊಣಕಾಲುದ್ದ ನೀರಿನ ಗದ್ದೆಗೆ ನುಗ್ಗುವ ರಾತ್ರಿ ಅದು. ಚಿಕ್ಕಪ್ಪ ತಲೆಗೆ ಗೊರಬೆ ಹಾಕಿ, ಕೈಯಲ್ಲಿ ಕತ್ತಿ, ಹಿಂದೆ ತೂಟೆ ಹಿಡಿದ ಹುಡುಗರ ಸಾಲು. ತೆಂಗಿನ ಒಣಗರಿ ಕಟ್ಟಿದ ತೂಟೆ ಮಳೆಗೆ ಎಷ್ಟು ಹೊತ್ತು ಉರಿದೀತು! ಆರುವ ಮೊದಲು ಮುಗುಡು ಒಂದಾದರೂ ಬುಟ್ಟಿ ಸೇರಬೇಕು. ಮುಗುಡು ಹಿಡಿಯುವಾಗ ಅದರ ಕೆನ್ನೆಯ ಮುಳ್ಳಿಗೆ ಕೈ ಕೊಡಬಾರದು. ಕೊಟ್ಟವರ ಬೆರಳು ಎರಡು ದಿನ ನೋಯುತ್ತಿತ್ತು. ಬಾಣಂತಿಯರಿಗೆ, ಜ್ವರ ಬಿಟ್ಟವರಿಗೆ ಮುಗುಡಿನ ಸಾರು ಒಳ್ಳೆಯದೆಂದು ಅಜ್ಜಿಯ ವೈದ್ಯ. ಜ್ವರ ಬಾರದವರೂ ಆ ದಿನಗಳಲ್ಲಿ ಸ್ವಲ್ಪ ಕೆಮ್ಮುವುದಿತ್ತು.

ಉಬರಿನ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆಯಿಡಲು ಹೊರಟ ಮೀನನ್ನು ಕಡಿದು ತಿನ್ನುವುದು ಸರಿಯೇ ಎಂದು ಆಗ ಯಾರೂ ಕೇಳಿದ್ದಿಲ್ಲ. ಹಿರಿಯರು ಪ್ರಕೃತಿಯನ್ನು ಕಾಪಾಡುತ್ತಿದ್ದರು ಎಂಬ ಮಾತನ್ನು ಈಗ ಸಭೆಗಳಲ್ಲಿ ಕೇಳುವಾಗ ನನಗೆ ನಗು ಬರುತ್ತದೆ. ನಮ್ಮ ಚಿಕ್ಕಪ್ಪ ಕಂಡ ಮೀನನ್ನು ಬಿಟ್ಟವರಲ್ಲ. ಮೀನನ್ನು ಕಾಪಾಡಿದ್ದು ಅವರ ದಯೆಯಲ್ಲ, ಗದ್ದೆಯ ವಿಸ್ತಾರ. ಒಂದು ಬೈಲು ಪೂರ್ತಿ ನೀರು ನಿಂತಾಗ ಹತ್ತು ತೂಟೆಗಳ ಬೆಳಕು ಎಷ್ಟು ಮೂಲೆಗೆ ತಲುಪೀತು? ನಾವು ಒಂದು ಗದ್ದೆಯಲ್ಲಿ ಕಿರುಚಾಡುತ್ತಿದ್ದಾಗ ಪಕ್ಕದ ಇಪ್ಪತ್ತು ಗದ್ದೆಗಳಲ್ಲಿ ಕತ್ತಲು, ಅಲ್ಲಿ ಮೀನಿನ ಸಂಸಾರ.

ಮಳೆಗಾಲದ ಆಟಿ ತಿಂಗಳು ಬಂದಾಗ ನಾನು ಅಜ್ಜಿಮನೆಯಲ್ಲಿರುತ್ತಿದ್ದೆ. ಏಣೇಲು ಬೆಳೆಯ ನೇಜಿ ನೆಟ್ಟು ಮುಗಿದು ಮನೆಯಲ್ಲಿ ಅಕ್ಕಿ ಕಡಿಮೆ, ಹೊರಗೆ ಮಳೆ ಹೆಚ್ಚು. ಒಣಮೀನಿನ ಭರಣಿಯ ತಳ ಕಾಣಲು ಶುರುವಾದ ಕಾಲ. ಹಲಸಿನ ಬೀಜಕ್ಕೆ ಒಣಸಿಗಡಿ, ಸೌತೆಗೆ ಒಣಸಿಗಡಿ, ಏನೂ ಇಲ್ಲದಿದ್ದರೆ ಸುಟ್ಟ ಒಣಸಿಗಡಿಯ ಚಟ್ನಿ, ಕುಚ್ಚಲಕ್ಕಿಯ ಗಂಜಿ. ಆಗ ಮಾವ ಹೇಳುತ್ತಿದ್ದರು, "ಬಾ ಮಾರಾಯ, ಹುಣಿಗೆ ಒಂದು ಸುತ್ತು ಬರುವ." ಹುಣಿಯಲ್ಲಿ, ಅಂದರೆ ಗದ್ದೆಯ ಬದುವಿನಲ್ಲಿ, ಡೆಂಜಿ ಎಂಬ ಗದ್ದೆ ಏಡಿ ಮಾಟೆ ಕೊರೆದರೆ ಮೇಲಿನ ಗದ್ದೆಯ ನೀರು ರಾತ್ರೋರಾತ್ರಿ ಕೆಳಗಿನ ಗದ್ದೆಗೆ ಜಾರುತ್ತದೆ. ಹಾಗಾಗಿ ಡೆಂಜಿ ಬೇಟೆ ಊಟದ ಕೆಲಸವೂ ಹೌದು, ಬೇಸಾಯದ ಕೆಲಸವೂ ಹೌದು. ಗ್ಯಾಸ್‌ಲೈಟಿನ ಬೆಳಕು ಬಿದ್ದ ಕೂಡಲೇ ಡೆಂಜಿ ಕೊಂಬು ಎತ್ತಿ ನಿಂತುಬಿಡುತ್ತದೆ. ಕಾಲಿನ ಹೆಬ್ಬೆರಳಿನಿಂದ ಬೆನ್ನು ಒತ್ತಿ, ಹಿಂದಿನಿಂದ ಚಿಪ್ಪಿನ ಎರಡು ಬದಿ ಹಿಡಿಯಬೇಕು. ಮಾಟೆಯೊಳಗೆ ಕೈ ಹಾಕುವ ಧೈರ್ಯ ಮಾವನಿಗೆ ಮಾತ್ರ, ಏಕೆಂದರೆ ಮಾಟೆಯಲ್ಲಿ ಡೆಂಜಿಯೇ ಇರಬೇಕೆಂದೇನಿಲ್ಲ, ಹಾವಿರಬಹುದು.

ಒಮ್ಮೆ ಹಿಡಿದ ಹೆಣ್ಣು ಡೆಂಜಿಯ ಹೊಟ್ಟೆಯ ಮುಚ್ಚಳ ಬಿಡಿಸಿದಾಗ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿಗಳು ಗುಂಪಾಗಿ ಅಂಗೈ ತುಂಬ ಹರಿದವು. ಗದ್ದೆ ಡೆಂಜಿಯ ಬಾಳು ಹಾಗೆ. ಅದರ ಮೊಟ್ಟೆ ಒಡೆದು ಬರುವುದೇ ಪೂರ್ತಿ ರೂಪದ ಮರಿ. ಅವು ಕೆಲವು ಕಾಲ ತಾಯಿಯ ಹೊಟ್ಟೆಯಡಿಯಲ್ಲೇ ಇರುತ್ತವೆ. ಹುಣಿ, ತೋಡು, ಒಂದಷ್ಟು ಕೆಸರು ಇದ್ದರೆ ಸಾಕು, ಅದಕ್ಕೆ ಕಡಲು ಬೇಡ. ಮಾವ ಆ ಡೆಂಜಿಯನ್ನು ನೀರಿಗೆ ಬಿಟ್ಟರು. ಕನಿಕರದಿಂದಲ್ಲ; "ಮರಿ ಹಾಕಿದ ಡೆಂಜಿಯಲ್ಲಿ ಮಾಂಸ ಇಲ್ಲ" ಎಂದರು.

ಮೂಡುಬಿದಿರೆಯ ಸುತ್ತ ಇನ್ನೊಂದು ವಿಷಯವಿತ್ತು. 1430ರ ಸಾವಿರ ಕಂಬದ ಬಸದಿಯ ಊರದು. ಜೈನರ ಮನೆಗಳು, ಜೈನರ ಭೂಮಿ ಬಹಳ. ಮಾವನ ಗದ್ದೆಗೆ ತಾಗಿ ಒಂದು ಜೈನ ಮನೆತನದ ಬೈಲು. ಅವರ ಗದ್ದೆಯಲ್ಲಿ ಡೆಂಜಿ ಹಿಡಿಯಲು ಒಪ್ಪಿಗೆ ಇರಲಿಲ್ಲ. ಹುಣಿ ಸೋರಿದರೆ ಆಳುಗಳು ಕೆಸರು ಮೆತ್ತಿ ಸರಿಮಾಡುತ್ತಿದ್ದರೇ ಹೊರತು ಡೆಂಜಿಯ ತಂಟೆಗೆ ಹೋಗುತ್ತಿರಲಿಲ್ಲ. ನಾವು ಹುಡುಗರು ಗಡಿಯಲ್ಲಿ ನಿಂತು, ಆ ಕಡೆ ಆರಾಮವಾಗಿ ಓಡಾಡುವ ದೊಡ್ಡ ದೊಡ್ಡ ಡೆಂಜಿಗಳನ್ನು ನೋಡಿ ಬಾಯಿ ಚಪ್ಪರಿಸುತ್ತಿದ್ದೆವು. ಪ್ರತಿ ಆಟಿಯಲ್ಲೂ ನಮ್ಮ ಗದ್ದೆಗೆ ಹೊಸ ಡೆಂಜಿ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲೇ ಇತ್ತು. ಅವರು ತಿನ್ನದಿದ್ದುದರಿಂದ ನಾವು ತಿನ್ನುವಂತಾಯಿತು.

ಏಣೇಲಿನ ಕೊಯ್ಲು ಮುಗಿದು, ದೀಪಾವಳಿ ಕಳೆದು, ಬೆಳಗ್ಗೆ ಚಳಿಗೆ ಬೆಂಕಿ ಕಾಯಿಸುವ ಹೊತ್ತಿಗೆ ನಾನು ಮತ್ತೆ ಚಿಕ್ಕಪ್ಪನ ಶಿಷ್ಯ. ಬೆಳ್ತಂಗಡಿಯ ಕಡೆಯಿಂದ ಘಟ್ಟದ ಮಂಜು ಹೊಳೆಯ ಉದ್ದಕ್ಕೂ ಇಳಿದು ಬರುತ್ತಿದ್ದ ದಿನಗಳು. ಆಗಲೇ ತೋಡಿಗೆ ಕಟ್ಟ ಹಾಕುವುದು. ಸುಗ್ಗಿ ಬೆಳೆಗೆ, ಸಾಧ್ಯವಾದರೆ ಕೊಳಕೆ ಬೆಳೆಗೂ, ನೀರು ಬೇಕಲ್ಲ. ಮನೆಗೊಂದು ಆಳು ಬರಬೇಕು. ಕಾಡುಕಲ್ಲು, ಮಣ್ಣು, ಅಡಿಕೆ ಮರದ ಸೀಳು, ಸಂದಿಗೆ ಸೊಪ್ಪು. ಮೇಲೆ ಹತ್ತಿ ತುಳಿಯುವ ಕೆಲಸ ಮಕ್ಕಳದು. ಒಂದೆರಡು ದಿನದಲ್ಲಿ ನೀರು ನಿಂತು, ಅಡಿಕೆ ತೋಟದ ಕಣಿಗಳಿಗೆ ತಿರುಗಿ, ಬಾವಿಗಳಲ್ಲೂ ಏರುತ್ತಿತ್ತು.

ಕಟ್ಟದ ಒಂದು ಬದಿಯಲ್ಲಿ ಹೆಚ್ಚಿನ ನೀರು ಹರಿದುಹೋಗಲು ಜಾಗ ಬಿಡುತ್ತಿದ್ದರು. ಚಿಕ್ಕಪ್ಪನ ಕಣ್ಣು ಅಲ್ಲಿ. ಬಿದಿರಿನ ಸೀಳಿನಿಂದ ಹೆಣೆದ ಕೂಳಿ ಅವರ ಆಸ್ತಿ: ಅಗಲ ಬಾಯಿ, ಒಳಗೆ ಚೂಪಾಗಿ ಇಳಿಯುವ ಇನ್ನೊಂದು ಬಾಯಿ, ನುಗ್ಗಿದ್ದು ಮರಳಿ ಬಾರದು. ತೌಡು ಹುರಿದು, ತೆಂಗಿನ ಹಿಂಡಿ ಬೆರೆಸಿ, ಎಲೆಯಲ್ಲಿ ಕಟ್ಟಿ ಒಳಗಿಟ್ಟರೆ ವಾಸನೆ ನೀರಿನಲ್ಲಿ ಹರಡಿ ಸಿಗಡಿಗಳನ್ನು ಎಳೆದು ತರುತ್ತದೆ. ಮುಸ್ಸಂಜೆ ಇಟ್ಟ ಕೂಳಿಯನ್ನು ಬೆಳಕು ಹರಿಯುವ ಮೊದಲೇ ಎತ್ತಬೇಕು, ಇಲ್ಲವಾದರೆ ಒಳಗೆ ಸಿಕ್ಕವು ಒಂದನ್ನೊಂದು ತಿನ್ನುತ್ತವೆ. ಬಯಲಾಟ ನೋಡಲು ಹೋದ ರಾತ್ರಿಗಳಲ್ಲಿ ಇದು ಅನುಕೂಲ. ಚೌಕಿಯಲ್ಲಿ ಬಣ್ಣ ತೆಗೆಯುವ ಹೊತ್ತಿಗೆ ನಾವು ಕಂಬಳಿ ಹೊದ್ದು ತೋಡಿನ ದಡದಲ್ಲಿರುತ್ತಿದ್ದೆವು. ಕಿವಿಯಲ್ಲಿ ಇನ್ನೂ ಚೆಂಡೆ, ಕಾಲಡಿಯಲ್ಲಿ ಮೂಳೆ ಕೊರೆಯುವ ನೀರು.

ಕೂಳಿಗಿಂತ ನನಗೆ ಇಷ್ಟವಾದದ್ದು ಕೈಬೇಟೆ. ಬ್ಯಾಟರಿ ಲೈಟ್ ಹಾಯಿಸಿದರೆ ಕಲ್ಲಿನ ಸಂದಿಯಲ್ಲಿ ಕೆಂಡದ ಚುಕ್ಕಿಗಳು ಎರಡೆರಡಾಗಿ ಹೊಳೆಯುತ್ತವೆ, ಅವು ಸಿಗಡಿಯ ಕಣ್ಣುಗಳು. ಮುಂದಿನಿಂದ ಹಿಡಿಯಲು ಹೋದವನಿಗೆ ಏನೂ ಸಿಗದು. ಸಿಗಡಿ ಓಡುವುದು ಹಿಂದಕ್ಕೆ. ಬಾಲ ಮಡಚಿ ಒಂದೇ ಸಲ ಚಿಮ್ಮುತ್ತದೆ. ಹಾಗಾಗಿ ಒಂದು ಕೈಯಲ್ಲಿ ಗೆರಟೆಯನ್ನೋ ಬುಟ್ಟಿಯನ್ನೋ ಅದರ ಬಾಲದ ಹಿಂದೆ ಹಿಡಿದು, ಇನ್ನೊಂದು ಕೈಯ ಕಡ್ಡಿಯಿಂದ ಮೂಗಿನ ಮುಂದೆ ಮೆಲ್ಲ ಅಲ್ಲಾಡಿಸಬೇಕು. ಅದು ತಾನಾಗಿಯೇ ಬುಟ್ಟಿಗೆ ಹಾರುತ್ತದೆ. ದೊಡ್ಡ ಗಂಡಿಗೆ ಮೈಗಿಂತ ಉದ್ದದ ನೀಲಿಗಪ್ಪು ಕೊಂಬುಗಳು. ಅಂಥದ್ದು ಸಿಕ್ಕಿದರೆ ಮನೆಯವರೆಗೆ ತರುವ ಪದ್ಧತಿಯಿಲ್ಲ. ಅಲ್ಲೇ ಕೆಂಡದಲ್ಲಿ ಸುಟ್ಟು, ಕಲ್ಲುಪ್ಪು ತಾಗಿಸಿ ಮುಗಿಸುವುದು. ಉಳಿದದ್ದು ಬಸಳೆಯ ಜತೆ ಅಡುಗೆಮನೆಗೆ.

ಹುಣ್ಣಿಮೆ ಅಮಾವಾಸ್ಯೆಯ ಲೆಕ್ಕ ಕಲಿತದ್ದು ಹರೇಕಳದಲ್ಲಿ. ಕ್ರಿಸ್‌ಮಸ್ ರಜೆಗೆ ಅಕ್ಕನ ಮನೆಗೆ ಹೋದರೆ ಭಾವ ದೋಣಿ ಬಿಚ್ಚುತ್ತಿದ್ದರು. ಅಲ್ಲಿ ನೇತ್ರಾವತಿ ನಮ್ಮ ಊರಿನ ಹೊಳೆಯೇ ಅಲ್ಲ. ಅಗಲ, ಆಲಸಿ, ದಿನಕ್ಕೆರಡು ಸಲ ಹಿಂದಕ್ಕೂ ಹರಿಯುವಂಥದು. ಕಬ್ಬಿಣದ ಬಳೆಗೆ ಬಲೆ ಹೊಲಿದು, ನಡುವೆ ಮೀನಿನ ತಲೆಯೋ ಕೋಳಿಯ ಕರುಳೋ ಕಟ್ಟಿ, ಹಗ್ಗದ ತುದಿಗೆ ತೇಲುವ ಬೆಂಡು ಬಿಟ್ಟು ಸಾಲಾಗಿ ಇಳಿಸುವುದು. ಬೀಡಿ ಒಂದು ಸೇದುವಷ್ಟು ಹೊತ್ತು ಬಿಟ್ಟು, ಮೊದಲನೆಯದರಿಂದ ಎತ್ತುತ್ತಾ ಬಂದರೆ, ಬಳೆಯ ನಡುವೆ ಹಸಿರುಗಪ್ಪು ಕೆಸರು ಏಡಿ ಕೂತಿರುತ್ತದೆ. ಎತ್ತುವುದು ಒಂದೇ ಉಸಿರಿಗೆ ಆಗಬೇಕು. ತಡವರಿಸಿದರೆ ಅಂಚು ದಾಟಿ ಹೋಗುತ್ತದೆ. ಅದರ ಕೊಂಬು ಕಟ್ಟುವುದು ಭಾವನ ಕೆಲಸ, ನಾನು ಹತ್ತಿರ ಹೋಗುವಂತಿಲ್ಲ. "ನಿನ್ನ ಬೆರಳು ಹೋದರೆ ಅಕ್ಕ ನನ್ನ ತಲೆ ತೆಗೀತಾಳೆ" ಎನ್ನುತ್ತಿದ್ದರು.

ಅಮಾವಾಸ್ಯೆಯ ಏಡಿ ತುಂಬಿದ್ದು, ಹುಣ್ಣಿಮೆಯದು ಪೊಳ್ಳು ಎಂಬುದು ಅವರ ನಂಬಿಕೆ. ಏಡಿ ಪೊಳ್ಳಾಗುವುದು ಚಿಪ್ಪು ಕಳಚಿದ ಹೊಸತರಲ್ಲಿ: ಹೊಸ ಚಿಪ್ಪು ದೊಡ್ಡದು, ಒಳಗಿನ ಮೈ ಇನ್ನೂ ಬೆಳೆದಿರದು, ನಡುವೆ ಬರೀ ನೀರು. ಭಾವ ಏಡಿಯ ಹೊಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದ್ದರೆ ಹೊಳೆಗೆ ಎಸೆಯುತ್ತಿದ್ದರು. ಚಂದ್ರನ ಮೇಲಿನ ನಂಬಿಕೆಗಿಂತ ಹೆಬ್ಬೆರಳ ಮೇಲೆ ಅವರಿಗೆ ಭರವಸೆ ಹೆಚ್ಚು. ಈ ಉಪ್ಪುನೀರಿನ ಏಡಿಯ ಬಾಳು ಮಾವನ ಗದ್ದೆ ಡೆಂಜಿಗೆ ತದ್ವಿರುದ್ಧ. ಇದರ ಹೆಣ್ಣು ಮೊಟ್ಟೆ ಹೊತ್ತು ಕಡಲಿಗೆ ಹೋಗಬೇಕು. ಮರಿಗಳು ಕಡಲಲ್ಲಿ ತೇಲಿ ಬೆಳೆದು ಮತ್ತೆ ಅಳಿವೆಗೆ ಬರಬೇಕು.

ಚಿಕ್ಕಪ್ಪನ ಸಿಗಡಿಯ ಗುಟ್ಟು ತಿಳಿದದ್ದು ಬಹಳ ವರ್ಷಗಳ ಮೇಲೆ, ಪುಸ್ತಕ ಓದಿ. ಹೊಳೆಯ ಆ ದೊಡ್ಡ ಕೊಂಬಿನ ಸಿಗಡಿ ಬಾಳುವುದು ಸಿಹಿನೀರಿನಲ್ಲಾದರೂ ಅದರ ಎಳೆಮರಿ ಉಪ್ಪು ಬೆರೆತ ನೀರಿಲ್ಲದೆ ಉಳಿಯದು. ಹೊಟ್ಟೆಯಡಿ ಮೊಟ್ಟೆ ಹೊತ್ತ ತಾಯಿ ಮಳೆಗಾಲದ ನೆರೆಯ ಜತೆ ಕೆಳಗಿಳಿಯುತ್ತದೆ. ಅಳಿವೆಯಲ್ಲಿ ಬೆಳೆದ ಪುಟ್ಟ ಸಿಗಡಿಗಳು ದಡದ ಅಂಚು ಹಿಡಿದು, ಒದ್ದೆ ಕಲ್ಲುಗಳನ್ನೂ ಹತ್ತಿ, ಹೊಳೆಗೆ ಎದುರಾಗಿ ಬರುತ್ತವೆ. ಅಂದರೆ ಸರಪಾಡಿಯ ತೋಡಿನಲ್ಲಿ ನಾವು ಸುಟ್ಟು ತಿಂದ ಸಿಗಡಿಯ ಬಾಲ್ಯ ಭಾವನ ದೋಣಿಯಡಿಯಲ್ಲಿ ಕಳೆದಿತ್ತು. ಮಲೆಂಜಿಯದು ಇನ್ನೂ ದೊಡ್ಡ ಪ್ರಯಾಣ. ಹಾವಿನಂತೆ ಕಾಣುವ ಆ ಮೀನು ಹುಟ್ಟುವುದು ನಡುಗಡಲಲ್ಲಿ, ವರ್ಷಗಟ್ಟಲೆ ಬಾಳುವುದು ನಮ್ಮ ಹೊಳೆಯ ಕಲ್ಲಿನ ಪೊಟರೆಗಳಲ್ಲಿ, ಮೊಟ್ಟೆಯಿಡಲು ಮತ್ತೆ ಕಡಲಿಗೆ. ಅಮೆರಿಕದ ಪಡುವಣ ಕರಾವಳಿಯ ಸಾಲ್ಮನ್ ಇದರ ತಿರುಗುಮುರುಗು: ಹುಟ್ಟು ಹೊಳೆಯಲ್ಲಿ, ಬಾಳು ಕಡಲಲ್ಲಿ, ಸಾವು ಮತ್ತೆ ಹೊಳೆಯಲ್ಲಿ. ಜಗತ್ತೆಲ್ಲ ಅದರ ಚಿತ್ರ ತೆಗೆಯುತ್ತದೆ. ನಮ್ಮ ಮಲೆಂಜಿಯ ಪ್ರಯಾಣಕ್ಕೆ ಒಂದು ಚಪ್ಪಾಳೆಯೂ ಇಲ್ಲ.

ಮೀನನ್ನು ಮುಟ್ಟಬಾರದ ಜಾಗಗಳು ನಮ್ಮಲ್ಲೂ ಇದ್ದವು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಗುಡಿಯ ಮುಂದೆ ಕಪಿಲೆಯಲ್ಲಿ ಪೆರುವೊಳು ಮೀನುಗಳ ಹಿಂಡು. ದೇವರ ಮೀನೆಂದು ಅಕ್ಕಿ, ಹೊದಳು ಹಾಕುತ್ತಾರೆ. ಮೀನೆಂದರೆ ಪ್ರಾಣ ಬಿಡುವ ಚಿಕ್ಕಪ್ಪನೂ ಅಲ್ಲಿ ಕೈಮುಗಿದು ನಿಲ್ಲುತ್ತಿದ್ದರು. 1996ರಲ್ಲಿ ಯಾರೋ ದುಷ್ಟರು ಆ ನೀರಿಗೆ ವಿಷ ಹಾಕಿದರು. ಮೀನುಗಳು ರಾಶಿರಾಶಿಯಾಗಿ ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ಇನ್ನೊಂದು ಬಗೆಯ ಕಟ್ಟಳೆ ಚೇಳಾಯರಿನ ಖಂಡಿಗೆಯದು. ತುಳುನಾಡಿನ ಜಾತ್ರೆಗಳು ಎರ್ಮಾಳಿನಲ್ಲಿ ಶುರುವಾಗಿ ಖಂಡೇವಿನಲ್ಲಿ, ಅಂದರೆ ಈ ಖಂಡಿಗೆಯಲ್ಲಿ, ಮುಗಿಯುತ್ತವೆ ಎಂದು ಗಾದೆಯೇ ಇದೆ. ಮೇ ತಿಂಗಳ ಸಂಕ್ರಮಣದಂದು ದೈವದ ಪ್ರಸಾದ ನಂದಿನಿ ಹೊಳೆಗೆ ಬಿದ್ದ ಮೇಲೆ ಸಾವಿರಾರು ಜನ ಬಲೆ ಬುಟ್ಟಿಗಳೊಂದಿಗೆ ನೀರಿಗೆ ಹಾರುತ್ತಾರೆ. ಹಿಡಿದ ಮೀನು ಅಂದಿನ ಜಾತ್ರೆಯೂಟ. ಮಳೆ ಬರುವ ಮೊದಲು, ಮೀನು ಮೊಟ್ಟೆಗೆ ಹೊರಡುವ ಮೊದಲು, ಊರಿಗೆ ಊರೇ ಒಂದು ದಿನ ಹಿಡಿದು ಮುಗಿಸುವ ಹಬ್ಬ.

ಈಗ ಸರಪಾಡಿಗೆ ಹೋದರೆ ಬೈಲು ಇಲ್ಲ, ಅಡಿಕೆ ತೋಟವಿದೆ. ಮೇಲಿನ ಗುಡ್ಡೆಯಲ್ಲಿ ರಬ್ಬರ್. ಯಾರನ್ನೂ ದೂರುವಂತಿಲ್ಲ, ಭತ್ತ ನಂಬಿ ಮಕ್ಕಳನ್ನು ಓದಿಸಿದವರು ನಮ್ಮಲ್ಲಿ ಕಡಿಮೆ. ಆದರೆ ತೋಟದಲ್ಲಿ ನೀರು ನಿಲ್ಲಬಾರದು, ಗದ್ದೆಯಲ್ಲಿ ನಿಲ್ಲಬೇಕು. ಉಬರಿನ ಮೀನಿಗೆ ಬೇಕಾದದ್ದು ಆ ನಿಂತ ನೀರು. 2019ರ ಆಗಸ್ಟಿನ ನೆರೆ ಚಾರ್ಮಾಡಿಯ ಕಡೆ ಗುಡ್ಡವನ್ನೇ ಹೊಳೆಗೆ ತಂದಿತು; ಮೃತ್ಯುಂಜಯ ಹೊಳೆಯ ಆಳದ ಕಯಗಳು ಕಲ್ಲು ಮರಳಲ್ಲಿ ಮುಚ್ಚಿಹೋದವು. ಬೇಸಿಗೆಯಲ್ಲಿ ಮೀನು ಅಡಗುತ್ತಿದ್ದ ಜಾಗಗಳು ಅವು.

ಹೊಳೆಯಲ್ಲಿ ಕೆಳಗಿನಿಂದ ಮೇಲೆ ಬರುವ ಸಿಗಡಿಯ ದಾರಿಯನ್ನು ನೆನೆಯುತ್ತೇನೆ. ಮೊದಲು ಹರೇಕಳ–ಅಡ್ಯಾರಿನ ನಡುವೆ, ಉಪ್ಪುನೀರು ಮೇಲೇರದಂತೆ ತಡೆಯಲೆಂದೇ ಕಟ್ಟಿದ ಕಿಂಡಿ ಅಣೆಕಟ್ಟು. ಆಮೇಲೆ ತುಂಬೆ, ಮಂಗಳೂರಿನ ಕುಡಿಯುವ ನೀರಿಗೆ. ಅದರ ಮೇಲೆ ಶಂಭೂರು, ವಿದ್ಯುತ್ತಿಗೆ. ಮಂಗಳೂರಿನಲ್ಲಿ ವಾಸವಾಗಿರುವ ನಾನು ದಿನವೂ ಕುಡಿಯುವುದು ತುಂಬೆಯ ನೀರನ್ನೇ. ಅಣೆಕಟ್ಟು ಬೇಡವೆನ್ನುವ ಬಾಯಿ ನನಗಿಲ್ಲ. ಆದರೆ ಅಣೆಕಟ್ಟು ಮೀನಿನ ದಾರಿ ಮುಚ್ಚುವುದು ಇಲ್ಲಿ ಮಾತ್ರವಲ್ಲ. ಗಂಗೆಗೆ 1975ರಲ್ಲಿ ಫರಕ್ಕಾ ಬ್ಯಾರೇಜು ಬಂದ ಮೇಲೆ ಅಲಹಾಬಾದಿನವರೆಗೆ ಏರುತ್ತಿದ್ದ ಹಿಲ್ಸಾ ಮೀನು ಬ್ಯಾರೇಜಿನಿಂದ ಮೇಲೆ ಅಪರೂಪವಾಯಿತು. ಅಮೆರಿಕದ ಕೊಲಂಬಿಯಾ ನದಿಗೆ 1938ರಲ್ಲಿ ಬಾನ್‌ವಿಲ್ ಅಣೆಕಟ್ಟು ಕಟ್ಟಿದವರು ಸಾಲ್ಮನ್ ಹತ್ತಲೆಂದು ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರಿನ ದಾರಿ ಬಿಟ್ಟರು. ಮೆಟ್ಟಿಲಿದ್ದರೂ ಅಲ್ಲಿ ಸಾಲ್ಮನ್ ಮೊದಲಿನಷ್ಟಿಲ್ಲ. ಆದರೂ ದಾರಿಯೊಂದು ಬೇಕೆಂದು ಕಟ್ಟುವಾಗಲೇ ಅವರಿಗೆ ಹೊಳೆದಿತ್ತು.

ನಾವೂ ಹೊಳೆಗೆ ಅಡ್ಡ ಕಟ್ಟಿದವರೇ. ಪ್ರತಿ ಚಳಿಗಾಲ, ಪ್ರತಿ ತೋಡಿಗೆ. ಆದರೆ ಆ ಮಣ್ಣಿನ ಕಟ್ಟಕ್ಕೆ ಒಂದು ಗುಣವಿತ್ತು: ಅದು ಗಟ್ಟಿಯಿರಲಿಲ್ಲ. ಮೊದಲ ದೊಡ್ಡ ಮಳೆಗೆ ಕೊಚ್ಚಿಕೊಂಡು ಹೋಗುತ್ತಿತ್ತು. ಬೇಸಿಗೆಯಿಡೀ ನೀರು ನಮ್ಮದು, ಮಳೆ ಬಿದ್ದ ದಿನ ದಾರಿ ಮೀನಿನದು. ಯಾರೂ ಸಭೆ ಸೇರಿ ಮಾಡಿದ ಒಪ್ಪಂದವಲ್ಲ. ಕಟ್ಟ ಬಲಹೀನವಾಗಿದ್ದುದರಿಂದ ತಾನಾಗಿ ನಡೆದುಕೊಂಡು ಬಂದದ್ದು. ಮುಂದಿನ ವರ್ಷ ಮತ್ತೆ ಕಟ್ಟಬೇಕಲ್ಲ ಎಂದು ಗೊಣಗುತ್ತಿದ್ದರೇ ಹೊರತು ಒಡೆದದ್ದಕ್ಕೆ ಯಾರೂ ಅತ್ತಿದ್ದಿಲ್ಲ.

ತೋಡುಗಳಿಗೆ ಈಗ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಬಂದಿದೆ. ನವೆಂಬರಿನ ಸುಮಾರಿಗೆ ಹಲಗೆ ಇಳಿಸುವುದು, ಮಳೆಗೆ ಮೊದಲು ಎತ್ತುವುದು. ಇಳಿಸಲು ನೆನಪಿಸುವವರು ಬೇಕಾದಷ್ಟು ಜನ. ನೀರು ಬೇಕಾದವರೆಲ್ಲ ಪಂಚಾಯತಿನ ಮುಂದೆ ನಿಲ್ಲುತ್ತಾರೆ. ಎತ್ತಲು ನೆನಪಿಸುವವರಿಲ್ಲ, ಏಕೆಂದರೆ ಮೀನು ಅರ್ಜಿ ಕೊಡುವುದಿಲ್ಲ. ಹಾಗಾಗಿ ನನ್ನ ಬೇಡಿಕೆ ಸಣ್ಣದು. ಹಲಗೆ ಎತ್ತುವ ದಿನವನ್ನು ಗುತ್ತಿಗೆದಾರನ ಬಿಡುವಿಗೆ ಬಿಡದೆ ಮಳೆಯ ಲೆಕ್ಕಕ್ಕೆ ಕಟ್ಟಲಿ. ಊರಿನಲ್ಲಿ ಉಬರು ಕಂಡ ಒಬ್ಬ ಹಿರಿಯನನ್ನು ಕೇಳಿ ತೀರ್ಮಾನಿಸಲಿ. ದೊಡ್ಡ ಅಣೆಕಟ್ಟುಗಳ ಪಕ್ಕದಲ್ಲಿ ಸಿಗಡಿ, ಮಲೆಂಜಿಗಳು ಹತ್ತುವಷ್ಟು ಒರಟಾದ, ಒದ್ದೆಯಾದ ಒಂದು ಇಳಿಜಾರು ಇರಲಿ. ಗದ್ದೆ ಉಳಿಸಿಕೊಂಡ ಕೆಲವೇ ಮನೆಗಳಿಗೆ, ಅಕ್ಕಿಯ ಲೆಕ್ಕದ ಜತೆ ಮೀನಿನ ಲೆಕ್ಕವನ್ನೂ ಹಿಡಿದು, ನಾಲ್ಕು ಕಾಸು ಹೆಚ್ಚು ಸಿಗಲಿ. ಮೀನನ್ನು ಪ್ರೀತಿಸಲು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಅದಕ್ಕೆ ದಾರಿ ಬಿಡುವ ಕೆಲಸವನ್ನು ಹಿಂದೆ ಮಣ್ಣೇ ಮಾಡುತ್ತಿತ್ತು. ಮಣ್ಣಿನ ಜಾಗಕ್ಕೆ ಕಾಂಕ್ರೀಟು ತಂದವರು ನಾವಾದ್ದರಿಂದ ಆ ಕೆಲಸವೂ ಇನ್ನು ನಮ್ಮದೇ.